ಬಿಸಿಲೂರಿನ ಥಂಡಿ: ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಮೈಕಾವಿನ ಕಾವಲು

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ನಮ್ಮಲ್ಲಿ ದತ್ತಿ ಉಪನ್ಯಾಸ ಅಂದರೆ ವಚನದ ಮೇಲೆ ಇರುತ್ತದೆ, ಶಾಸನದ ಮೇಲೆ ಇರುತ್ತದೆ, ಇಲ್ಲವೆ ಗಡಿಭಾಗದ ಕನ್ನಡ ಶಾಲೆಗಳ ಮೇಲೆ ಇರುತ್ತದೆ. ಈ ಸೊಲ್ಲಾಪುರ ಸಿದ್ಧರಾಮರ ಊರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದ ಜಯದೇವಿತಾಯಿ ಲಿಗಾಡೆಯವರ ಊರು. ಇಲ್ಲಿ ಸಾಹಿತ್ಯದ ಮಾತಿಗೆ ಬರವಿಲ್ಲ. ಆದರೆ ಈ ಸಲ ಉಪನ್ಯಾಸ ಏರ್ಪಡಿಸಿದ ಸಂಘದವರು, 'ನಿಮ್ಮ ಕಸುಬಿನ ಮಾತನ್ನೇ ಆಡಿರಿ' ಅಂದರು.

ನನ್ನ ಕಸುಬು ಅರಿವಳಿಕೆ. ನಮ್ಮ ಕಡೆಯ ಜನ ಅನ್ನುವ ಹಾಗೆ ಅನ್ನುವುದಾದರೆ, ನಾನು ಭೂಲ್ ಕೊಡುವ ಡಾಕ್ಟರ. ಆಪರೇಷನ್ ಸುಸೂತ್ರವಾದರೆ ಹಾರ ಸರ್ಜನ್ನರ ಕೊರಳಿಗೆ ಬೀಳುತ್ತದೆ, ಪೇಢೆಯ ಡಬ್ಬಿ ಸಿಸ್ಟರುಗಳ ಕೋಣೆಗೆ ಹೋಗುತ್ತದೆ, ನಮ್ಮ ಮುಖ ರೋಗಿಗೆ ನೆನಪಿರುವುದಿಲ್ಲ. ನೆನಪು ಉಳಿಯದಂತೆ ಮಾಡುವುದೇ ನಮ್ಮ ಕೆಲಸವಾದ್ದರಿಂದ ಆ ಬಗ್ಗೆ ತಕರಾರು ಮಾಡುವ ಹಾಗಿಲ್ಲ.

ಇವತ್ತು ನಾನು ಮಾತಾಡುವುದು ಒಂದೇ ಒಂದು ಅಂಕಿಯ ಮೇಲೆ. ಅದು ಎಚ್ಚರ ತಪ್ಪಿಸಿದ ರೋಗಿಯ ಮೈ ಉಷ್ಣತೆ. ನಾಡಿ, ರಕ್ತದೊತ್ತಡ, ಆಮ್ಲಜನಕ ಈ ಮೂರೂ ಮಾನಿಟರಿನಲ್ಲಿ ಸದಾ ಓಡುತ್ತಿರುತ್ತವೆ. ಅದೇ ಮಾನಿಟರಿನ ಒಂದು ಮೂಲೆಯಲ್ಲಿ ಉಷ್ಣತೆಗೂ ಒಂದು ಚೌಕವಿರುತ್ತದೆ. ಎಷ್ಟೋ ಥಿಯೇಟರುಗಳಲ್ಲಿ ಆ ಚೌಕದೊಳಗೆ ಬರೀ ಎರಡು ಅಡ್ಡಗೆರೆ. ಆ ಜಾಗಕ್ಕೆ ಅಂಕಿ ಬರಬೇಕು. ಆ ಅಂಕಿ ರೋಗಿಯ ಜೊತೆಗೇ ವಾರ್ಡಿನಿಂದ ಥಿಯೇಟರಿಗೆ, ಥಿಯೇಟರಿನಿಂದ ರಿಕವರಿ ರೂಮಿಗೆ ಸಾಗಬೇಕು. ನಾನು ಹೇಳಲು ಬಂದಿರುವುದು ಇಷ್ಟನ್ನೇ.

1. ಮೇಜಿನ ಮೇಲೆ ಮೈ ತಣ್ಣಗಾಗುವುದೇಕೆ?

ಮೇ ತಿಂಗಳ ನಡು ಮಧ್ಯಾಹ್ನ ನಮ್ಮೂರಿನ ನವಿ ಪೇಠೆಯ ಅಂಗಡಿ ಸಾಲಿನ ಮುಂದೆ ನಿಂತವರಿಗೆ 42, 43 ಡಿಗ್ರಿ ಬಿಸಿಲೆಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಅಂಥ ಬಿಸಿಲಿನಿಂದ ಬಂದ ರೋಗಿ ಒಂದು ತಾಸಿನಲ್ಲಿ ಥಂಡಿಗೆ ಈಡಾಗುತ್ತಾನೆ ಅಂದರೆ ನಗುವವರೇ ಹೆಚ್ಚು. ಆದರೆ ಥಿಯೇಟರಿನ ಬಾಗಿಲು ದಾಟಿದರೆ ಋತುವೇ ಬೇರೆ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಮಾರ್ಗಸೂಚಿಯ ಪ್ರಕಾರ ಅಲ್ಲಿನ ಗಾಳಿ 21 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಮೂರು ಡಿಗ್ರಿ ಹೆಚ್ಚುಕಡಿಮೆ ನಡೆಯುತ್ತದೆ. ದಪ್ಪ ಗೌನು, ಮಾಸ್ಕು ಹಾಕಿಕೊಂಡು ದೀಪದ ಕೆಳಗೆ ನಿಂತ ಸರ್ಜನ್ನರಿಗೆ ಅದೂ ಸೆಕೆಯೇ. 'ಏಸಿ ಇನ್ನಷ್ಟು ಇಳಿಸ್ರಿ' ಅನ್ನುತ್ತಾರೆ. ರೋಗಿಯ ಮೈಮೇಲೆ ಮಾತ್ರ ಒಂದು ತೆಳು ಬಟ್ಟೆ.

ಏಸಿ ಎರಡನೆಯ ಆರೋಪಿ. ಮೊದಲನೆಯ ಆರೋಪಿ ನಾವು ಕೊಡುವ ಔಷಧವೇ.

ನಮ್ಮ ದೇಹದಲ್ಲಿ ಶಾಖದ ಲೆಕ್ಕಕ್ಕೆ ಎರಡು ಭಾಗ. ತಲೆ, ಎದೆ, ಹೊಟ್ಟೆ ಸೇರಿದ್ದು ಒಡಲು. ಕೈಕಾಲು, ಚರ್ಮ ಸೇರಿದ್ದು ಹೊರಮೈ. ಒಡಲು 37 ಡಿಗ್ರಿಯಲ್ಲಿದ್ದರೆ ಕೈಕಾಲು ಅದಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆ ಇರುತ್ತವೆ. ಮಿದುಳಿನ ಹೈಪೊಥಲಾಮಸ್ ಇದರ ಉಸ್ತುವಾರಿ ನೋಡುತ್ತದೆ. ಅದರ ಶಿಸ್ತು ಬಹಳ ಬಿಗಿ. ಒಡಲಿನ ಉಷ್ಣತೆ 0.2 ಡಿಗ್ರಿ ಆಚೀಚೆ ಸರಿದರೂ ಸಾಕು, ಒಂದೋ ಬೆವರು ಬರಿಸುತ್ತದೆ, ಇಲ್ಲವೆ ಚರ್ಮದ ರಕ್ತನಾಳಗಳನ್ನು ಮುದುಡಿಸಿ ಶಾಖವನ್ನು ಒಳಗೇ ಹಿಡಿದಿಡುತ್ತದೆ, ಅದಕ್ಕೂ ಬಗ್ಗದಿದ್ದರೆ ನಡುಕ ಹುಟ್ಟಿಸುತ್ತದೆ.

ಪೂರ್ಣ ಅರಿವಳಿಕೆ ಕೊಟ್ಟ ಮೇಲೆ ಈ ಶಿಸ್ತು ಸಡಿಲವಾಗುತ್ತದೆ. 0.2 ಡಿಗ್ರಿಗೆ ಎಚ್ಚರಗೊಳ್ಳುತ್ತಿದ್ದ ಮಿದುಳು ಈಗ ಸುಮಾರು 4 ಡಿಗ್ರಿಯ ಹರವಿನಲ್ಲಿ ಏನಾದರೂ ಸುಮ್ಮನಿರುತ್ತದೆ. ಮುದುಡಿದ್ದ ರಕ್ತನಾಳಗಳು ತೆರೆದುಕೊಳ್ಳುತ್ತವೆ. ಒಡಲಿನ ಬಿಸಿ ರಕ್ತ ತಣ್ಣನೆಯ ಕೈಕಾಲಿಗೆ ಹರಿಯುತ್ತದೆ, ಅಲ್ಲಿನ ತಂಪು ರಕ್ತ ಒಡಲಿಗೆ ಬರುತ್ತದೆ. ಮೊದಲ ಒಂದು ತಾಸಿನಲ್ಲೇ ಒಡಲಿನ ಉಷ್ಣತೆ 1ರಿಂದ 1.5 ಡಿಗ್ರಿ ಬೀಳುವುದು ಮುಖ್ಯವಾಗಿ ಇದರಿಂದ. ಶಾಖ ಮೈ ಬಿಟ್ಟು ಹೋಗಿದ್ದು ಕಡಿಮೆ, ಮೈಯೊಳಗೇ ಸ್ಥಳ ಬದಲಿಸಿದ್ದು ಹೆಚ್ಚು. ಆಮೇಲಿನ ಎರಡು ಮೂರು ತಾಸು ತೆರೆದ ಹೊಟ್ಟೆ, ಒದ್ದೆ ಚರ್ಮ, ತಣ್ಣನೆಯ ಗಾಳಿ ಇವುಗಳ ಪಾಳಿ. ಉಷ್ಣತೆ ನಿಧಾನವಾಗಿ ಇಳಿಯುತ್ತಲೇ ಹೋಗಿ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಸ್ನಾಯು ಸಡಿಲಿಸುವ ಔಷಧ ಕೊಟ್ಟಿರುವುದರಿಂದ ರೋಗಿ ನಡುಗಲಾರ. ನಡುಗಿದ್ದರೆ ನಮಗೆ ತಿಳಿಯುತ್ತಿತ್ತು.

ಅಕ್ಕಲಕೋಟ ತಾಲೂಕಿನ ಒಬ್ಬ ಅಜ್ಜಿ ಕರುಳಿನ ಗಡ್ಡೆಯ ಆಪರೇಷನ್ನಿಗೆ ಬಂದಿದ್ದಾಳೆ ಅಂದುಕೊಳ್ಳಿರಿ. ಎಪ್ಪತ್ತರ ಮೇಲಿನ ವಯಸ್ಸು, ಎಲುಬು ಚರ್ಮ ಒಂದಾದ ಮೈ. ಸ್ಟ್ರೆಚರಿನ ಮೇಲೆ ಥಿಯೇಟರಿನ ಹೊರಗೆ ಮಲಗಿಸಿದ್ದಾರೆ. ಒಳಗಿನ ಕೇಸು ಇನ್ನೂ ಮುಗಿದಿಲ್ಲ, ತಲೆಯ ಮೇಲೆ ಏಸಿ ಬೀಸುತ್ತಿದೆ. 'ಯಪ್ಪಾ, ಭಾಳ ಥಂಡಿ ಅದ, ಒಂದ್ ಚಾದರ ಕೊಡ್ರಿ' ಅನ್ನುತ್ತಾಳೆ. 'ಆತು ಅಜ್ಜಿ, ಈಗ ಒಳಗ ಹೋಗೂದೈತಿ' ಅನ್ನುತ್ತಾರೆ. ಬಿಸಿಲಿನಿಂದ ಬಂದಾಗ ಅಜ್ಜಿಯ ಕೈಕಾಲು ಬೆಚ್ಚಗಿದ್ದವು. ಹಾಗೇ ಬೆಚ್ಚಗಿದ್ದಿದ್ದರೆ ಅರಿವಳಿಕೆ ಕೊಟ್ಟಾಗ ಒಡಲಿನ ಶಾಖ ಅಷ್ಟಾಗಿ ಹೊರಮೈಗೆ ಹರಿಯುತ್ತಿರಲಿಲ್ಲ. ನಮ್ಮ ಬಿಸಿಲು ಪುಕ್ಕಟೆ ಕೊಟ್ಟ ಆ ಅನುಕೂಲವನ್ನು ಥಿಯೇಟರಿನ ಹೊರಗೇ ಕಳೆದುಬಿಡುತ್ತೇವೆ. ಚಾದರಕ್ಕೆ ದೇಶವೆಲ್ಲ ಹೆಸರಾದ ಊರಿನಲ್ಲಿ ಅಜ್ಜಿಗೆ ಒಂದು ಚಾದರ ಸಿಗಲಿಲ್ಲ.

ಒಳಗೆ ಹೋದಾಗ 36.8 ಇದ್ದ ಆಕೆಯ ಉಷ್ಣತೆ ಒಂದು ತಾಸಿಗೆ 35.5 ಆದೀತು. ನಿಮಗೆ ಗೊತ್ತಿರುವ ಫ್ಯಾರನ್‌ಹೀಟ್ ಲೆಕ್ಕದಲ್ಲಿ 98.2ರಿಂದ 95.9ಕ್ಕೆ. ಮಾನಿಟರಿನ ಚೌಕದಲ್ಲಿ ಅಡ್ಡಗೆರೆ ಇದ್ದರೆ ಇದು ಯಾರಿಗೂ ಗೊತ್ತಾಗುವುದಿಲ್ಲ.

2. ಒಂದೂವರೆ ಡಿಗ್ರಿಯ ಬೆಲೆ

36ಕ್ಕಿಂತ ಕೆಳಗಿಳಿದರೆ ನಾವು ಅದನ್ನು ಹೈಪೊಥರ್ಮಿಯಾ ಅನ್ನುತ್ತೇವೆ. ಒಂದೂವರೆ ಡಿಗ್ರಿಯಿಂದ ಅಂಥದ್ದೇನಾದೀತು ಅಂತ ವೈದ್ಯರೂ ಬಹಳ ಕಾಲ ಅಂದುಕೊಂಡಿದ್ದರು. ಆ ನಂಬಿಕೆ ಅಲುಗಾಡಿದ್ದು 1996ರಲ್ಲಿ. ಆಂಡ್ರಿಯಾ ಕುರ್ಜ್, ಡೇನಿಯಲ್ ಸೆಸ್ಲರ್ ಮತ್ತು ಜೊತೆಗಾರರು ದೊಡ್ಡ ಕರುಳಿನ ಆಪರೇಷನ್ನಿಗೆ ಬಂದ 200 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಬೆಚ್ಚಗಿಟ್ಟರು. ಬೆಚ್ಚಗಿದ್ದವರಲ್ಲಿ 100ಕ್ಕೆ 6 ಜನರ ಗಾಯ ಕೀವಾಯಿತು, ತಣ್ಣಗಾದವರಲ್ಲಿ 100ಕ್ಕೆ 19 ಜನರದು. ಚರ್ಮದ ರಕ್ತನಾಳ ಮುದುಡಿದರೆ ಗಾಯಕ್ಕೆ ಆಮ್ಲಜನಕ ಕಡಿಮೆ ಸಿಗುತ್ತದೆ, ರೋಗಾಣು ಕೊಲ್ಲುವ ಬಿಳಿ ರಕ್ತಕಣಗಳೂ ಮಂದವಾಗುತ್ತವೆ. ಮರುವರ್ಷ ಹೃದಯದ ತೊಂದರೆಯುಳ್ಳ ಅಥವಾ ಅದರ ಅಪಾಯವಿದ್ದ 300 ರೋಗಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಹೃದಯದ ಗಂಭೀರ ತೊಂದರೆ ಬೆಚ್ಚಗಿದ್ದವರಲ್ಲಿ ನೂರಕ್ಕೆ 1.4, ತಣ್ಣಗಾದವರಲ್ಲಿ 6.3 ಕಂಡಿತು.

ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದೂ ತಡವಾಗುತ್ತದೆ, ರಕ್ತಸ್ರಾವ ಹೆಚ್ಚುತ್ತದೆ. ನಾವು ಕೊಟ್ಟ ಔಷಧವೂ ಬೇಗ ಇಳಿಯುವುದಿಲ್ಲ. ವೆಕ್ಯುರೋನಿಯಂ ಎಂಬ ಸ್ನಾಯು ಸಡಿಲಿಸುವ ಔಷಧದ ಪರಿಣಾಮ ಒಡಲು ಎರಡು ಡಿಗ್ರಿ ತಣ್ಣಗಾದರೆ ಎರಡು ಪಟ್ಟು ಹೊತ್ತು ಉಳಿಯುತ್ತದೆ. 'ಆಪರೇಷನ್ ಮುಗದು ಎಷ್ಟೊತ್ತಾತು, ಇನ್ನೂ ಯಾಕ ಎಚ್ಚರ ಆಗವಲ್ಲರು' ಅಂತ ಹೊರಗೆ ಮನೆಯವರು ಚಡಪಡಿಸುವುದಕ್ಕೆ ಎಷ್ಟೋ ಸಲ ಇದೂ ಒಂದು ಕಾರಣ.

ನಾಣ್ಯದ ಇನ್ನೊಂದು ಮುಖವನ್ನೂ ತೋರಿಸಬೇಕು. 2022ರಲ್ಲಿ ಪ್ರಕಟವಾದ ಪ್ರೊಟೆಕ್ಟ್ ಎಂಬ ದೊಡ್ಡ ಅಧ್ಯಯನ 5 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡಿತ್ತು. ಅದು ನಡೆದದ್ದು ಅಮೆರಿಕದ ಕ್ಲೀವ್‌ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ಮತ್ತು ಚೀನಾದ 12 ಕೇಂದ್ರಗಳಲ್ಲಿ. ಆ ಅಧ್ಯಯನದಲ್ಲಿ ಒಂದು ಗುಂಪನ್ನು 37 ಡಿಗ್ರಿಯಲ್ಲಿ, ಇನ್ನೊಂದನ್ನು 35.5ರಲ್ಲಿ ಇಟ್ಟು ನೋಡಿದರು. ಹೃದಯದ ಪೆಟ್ಟು ಮತ್ತು ಸಾವಿನ ಲೆಕ್ಕದಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಸಮ: ನೂರಕ್ಕೆ 9.9 ಮತ್ತು 9.6.

ಹಾಗಾದರೆ ಬೆಚ್ಚಗಿಡುವುದು ದಂಡವೇ? ಹಾಗೆ ತಿಳಿಯುವುದು ಆತುರ. 35.5 ಕೂಡ ಅಳೆದು, ಹಿಡಿದು ನಿಲ್ಲಿಸಿದ ಅಂಕಿ. ಅಲ್ಲಿ ಪ್ರತಿಯೊಬ್ಬ ರೋಗಿಯ ಉಷ್ಣತೆ ಕಣ್ಣಮುಂದಿತ್ತು. 37 ಬೇಕೋ 36 ಸಾಕೋ ಅನ್ನುವುದು ಅಳತೆ ಇರುವವರ ಚರ್ಚೆ. ಅಡ್ಡಗೆರೆ ನೋಡುತ್ತ ಕೂತವರಿಗೆ 35.5ರಲ್ಲಿ ನಿಂತಿದೆಯೋ 34ಕ್ಕೆ ಇಳಿದಿದೆಯೋ ಅನ್ನುವುದೇ ತಿಳಿಯದು.

3. ಜ್ವರಕ್ಕೆ ಇಟ್ಟ ಕಾವಲು

ಥಿಯೇಟರಿನೊಳಗೆ ಥರ್ಮಾಮೀಟರ್ ಕಾಯಂ ಆಗಿದ್ದು ಥಂಡಿಯ ಭಯದಿಂದ ಅಲ್ಲ, ಜ್ವರದ ಭಯದಿಂದ. 1960ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 21 ವರ್ಷದ ಹುಡುಗನೊಬ್ಬ ಕಾಲು ಮುರಿದುಕೊಂಡು ಬಂದ. ಮುರಿದ ಕಾಲಿಗಿಂತ ಅವನಿಗೆ ಅರಿವಳಿಕೆಯ ಭಯವೇ ಹೆಚ್ಚು, ಏಕೆಂದರೆ ಅವನ ಬಳಗದ ಹತ್ತು ಜನ ಈಥರ್ ಕೊಟ್ಟ ಮೇಲೆ ಸತ್ತಿದ್ದರು. ಆಗ ಹೊಸದಾಗಿ ಬಂದಿದ್ದ ಹ್ಯಾಲೊಥೇನ್ ಕೊಟ್ಟರು. ಅವನ ಮೈಯೂ ಕಾದ ಹಂಚಾಗತೊಡಗಿತು, ಹೇಗೋ ಉಳಿದ. ಡೆನ್‌ಬರೋ ಮತ್ತು ಲೊವೆಲ್ ಎಂಬ ವೈದ್ಯರು ಇದನ್ನು ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ಮಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂಬ ವಂಶವಾಹಿ ದೋಷ ವೈದ್ಯಲೋಕಕ್ಕೆ ತಿಳಿದದ್ದು ಹಾಗೆ. ತೀರಾ ಅಪರೂಪದ್ದು, ಆದರೆ ಬಂದರೆ ಪ್ರಾಣಾಂತಿಕ. ಅದಕ್ಕೆ ಡ್ಯಾಂಟ್ರೊಲೀನ್ ಎಂಬ ಮದ್ದಿದೆ, ಬೇಗ ಗೊತ್ತಾದರೆ.

ಬೇಗ ಗೊತ್ತಾಗಬೇಕಾದರೆ ಎಲ್ಲಿ ಅಳೆಯುತ್ತೇವೆ ಅನ್ನುವುದೂ ಮುಖ್ಯ. ಉತ್ತರ ಅಮೆರಿಕದ ಇಂಥ ಕೇಸುಗಳ ದಾಖಲೆಯನ್ನು 2014ರಲ್ಲಿ ಪರಿಶೀಲಿಸಿದಾಗ, ಒಡಲಿನ ಉಷ್ಣತೆ ನೋಡುತ್ತಿದ್ದ ಕಡೆಗೆ ಹೋಲಿಸಿದರೆ ಉಷ್ಣತೆಯನ್ನೇ ನೋಡದಿದ್ದ ಕಡೆ ಸಾವಿನ ಅಪಾಯ ಸುಮಾರು 14 ಪಟ್ಟು ಇತ್ತು. ಚರ್ಮದ ಉಷ್ಣತೆ ಮಾತ್ರ ನೋಡಿದ ಕಡೆಯೂ ಸುಮಾರು 10 ಪಟ್ಟು. ಜ್ವರ ಹಿಡಿಯಲು ಇಟ್ಟ ಈ ಕಾವಲುಗಾರ ದಿನನಿತ್ಯ ಹಿಡಿದುಕೊಟ್ಟದ್ದು ಥಂಡಿಯನ್ನು. ಲಕ್ಷದಲ್ಲಿ ಒಬ್ಬರಿಗೆ ಬರುವ ಬೇನೆಯನ್ನು ಕಾಯುತ್ತಿದ್ದವರಿಗೆ, ಮುಂದೆ ಮಲಗಿದ ರೋಗಿಗಳೆಲ್ಲ ತಣ್ಣಗಾಗುತ್ತಿರುವುದು ಕಂಡಿತು.

4. ಚುಚ್ಚದೆ, ತೂರಿಸದೆ

ಒಡಲಿನ ಉಷ್ಣತೆ ನಿಖರವಾಗಿ ಸಿಗುವುದು ನಾಲ್ಕು ಕಡೆ: ಶ್ವಾಸಕೋಶಕ್ಕೆ ಹೋಗುವ ದೊಡ್ಡ ರಕ್ತನಾಳ, ಹೃದಯದ ಹಿಂದೆ ಬರುವ ಅನ್ನನಾಳದ ಕೆಳಭಾಗ, ಮೂಗಿನ ಹಿಂಬದಿ, ಕಿವಿಯ ತಮಟೆ. ಮೊದಲನೆಯದು ದೊಡ್ಡ ಹೃದಯದ ಆಪರೇಷನ್ನಿಗೆ ಮಾತ್ರ. ಅನ್ನನಾಳಕ್ಕೂ ಮೂಗಿಗೂ ತೆಳ್ಳನೆಯ ತಂತಿಯಂಥ ಪ್ರೋಬ್ ಇಳಿಸುತ್ತೇವೆ. ಪೂರ್ತಿ ಎಚ್ಚರ ತಪ್ಪಿಸಿ ಉಸಿರಿನ ನಳಿಕೆ ಹಾಕಿದವರಿಗೆ ಇದರಿಂದ ಏನೂ ತ್ರಾಸಿಲ್ಲ. ಖರ್ಚೂ ಕಡಿಮೆ. ಆದರೆ ಎಚ್ಚರವಿದ್ದವರ ಮೂಗಿಗೆ ಅದನ್ನು ಹಾಕಲಾಗದು. ವಾರ್ಡಿನಲ್ಲಿ ಆಗದು, ರಿಕವರಿಯಲ್ಲಿ ಆಗದು, ಬೆನ್ನಿಗೆ ಸೂಜಿ ಕೊಟ್ಟು ಮಾಡುವ ಆಪರೇಷನ್ನಿನಲ್ಲೂ ಆಗದು. ಅಂಕಿ ಹುಟ್ಟುವುದೂ ಮುಗಿಯುವುದೂ ಥಿಯೇಟರಿನೊಳಗೇ.

ಕೊರೋನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ನು ನಿಮಗೆ ನೆನಪಿರಬೇಕು. ಬಿಸಿಲಲ್ಲಿ ನಡೆದು ಬಂದವನಿಗೆ ಜ್ವರ ತೋರಿಸುತ್ತಿತ್ತು, ಏಸಿ ಕಾರಿನಿಂದ ಇಳಿದವನಿಗೆ ಫ್ಯಾರನ್‌ಹೀಟಿನಲ್ಲಿ 95 ತೋರಿಸುತ್ತಿತ್ತು. ಅದು ನೋಡುವುದು ಚರ್ಮದ ಮೇಲ್ಮೈಯನ್ನು ಮಾತ್ರ. ಆಪರೇಷನ್ನಿನ ಹೊತ್ತಿಗೆ ಅದನ್ನು ನಂಬುವ ಹಾಗಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯೂ ಇಂಥ ಅಂದಾಜಿನ ಅಳತೆ ಬೇಡ ಅನ್ನುತ್ತದೆ.

ಅದೇ ಹಣೆಯ ಮೇಲೆ, ಆದರೆ ಬೇರೆಯೇ ತತ್ವದಲ್ಲಿ ಕೆಲಸ ಮಾಡುವ ಸಾಧನ ಇನ್ನೊಂದಿದೆ. 1971ರಲ್ಲಿ ಬ್ರಿಟನ್ನಿನ ಫಾಕ್ಸ್ ಮತ್ತು ಸಾಲ್ಮನ್ ಅದರ ಉಪಾಯ ಕಂಡುಹಿಡಿದರು. ಎರಡು ನೀರಿನ ತೊಟ್ಟಿಗಳ ನಡುವೆ ಕೊಳವೆ ಇದೆ, ಒಂದು ತೊಟ್ಟಿ ಗೋಡೆಯ ಆಚೆ ಇರುವುದರಿಂದ ಕಾಣಿಸುವುದಿಲ್ಲ ಅಂದುಕೊಳ್ಳಿ. ಈಚೆಯ ತೊಟ್ಟಿಗೆ ನೀರು ಹೊಯ್ಯುತ್ತ ಹೋದರೆ ಒಂದು ಹಂತದಲ್ಲಿ ಕೊಳವೆಯ ಹರಿವು ನಿಲ್ಲುತ್ತದೆ. ನಿಂತಿತೆಂದರೆ ಎರಡೂ ಕಡೆ ಮಟ್ಟ ಒಂದೇ. ಈಚೆಯದನ್ನು ಅಳೆದರೆ ಆಚೆಯದು ತಿಳಿಯಿತು. ಹಣೆಯ ಪಟ್ಟಿ ಮಾಡುವುದೂ ಇದನ್ನೇ. ಹುಬ್ಬಿನ ಮೇಲೆ ಅಂಟಿಸಿದ ಆ ಮೆತ್ತನೆಯ ಪಟ್ಟಿಯಲ್ಲಿ ಚರ್ಮಕ್ಕೆ ತಾಗಿ ಒಂದು ಸೆನ್ಸರ್, ಅದರ ಮೇಲೆ ಶಾಖ ತಡೆಯುವ ಪದರ, ಅದರ ಮೇಲೆ ಇನ್ನೊಂದು ಸೆನ್ಸರ್ ಮತ್ತು ಪುಟ್ಟ ಹೀಟರ್ ಇರುತ್ತವೆ. ಹಣೆಯಿಂದ ಹೊರಗೆ ಹೋಗುವ ಶಾಖ ಪೂರ್ತಿ ನಿಲ್ಲುವ ತನಕ ಹೀಟರ್ ಬಿಸಿಯಾಗುತ್ತ ಹೋಗುತ್ತದೆ. ನಿಂತಾಗ ಪಟ್ಟಿಯ ಕೆಳಗಿನ ಚರ್ಮ, ಒಂದೆರಡು ಸೆಂಟಿಮೀಟರ್ ಒಳಗಿನ ಭಾಗ, ಎರಡರ ಉಷ್ಣತೆಯೂ ಒಂದೇ ಆಗಿರುತ್ತದೆ. ಹಣೆಗೆ ರಕ್ತ ಸಂಚಾರ ಹೇರಳವಾದ್ದರಿಂದ ಅದು ಒಡಲಿನ ಉಷ್ಣತೆಗೆ ಬಹಳ ಹತ್ತಿರ. ಇಷ್ಟಕ್ಕೆ ಹಿಡಿಯುವುದು ಮೂರ್ನಾಲ್ಕು ನಿಮಿಷ.

ಹೀಟರ್ ಇಲ್ಲದೆ, ಎರಡು ಸೆನ್ಸರುಗಳ ನಡುವಿನ ವ್ಯತ್ಯಾಸದಿಂದ ಲೆಕ್ಕ ಹಾಕುವ ಪಟ್ಟಿಯೂ ಉಂಟು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಗಗನಯಾತ್ರಿಗಳ ಹಣೆಗೆ ಅಂಥದ್ದನ್ನು ಕಟ್ಟಿ, ಎರಡೂವರೆ ತಿಂಗಳಲ್ಲಿ ಅವರ ವಿಶ್ರಾಂತಿಯ ಮೈ ಉಷ್ಣತೆ ಸುಮಾರು ಒಂದು ಡಿಗ್ರಿ ಏರುವುದನ್ನು ಪತ್ತೆಮಾಡಿದರು. ಮೈಗೆ ಏನನ್ನೂ ತೂರಿಸದೆ ತಿಂಗಳುಗಟ್ಟಲೆ ಅಳೆಯಬಹುದಾದ್ದರಿಂದ ಇದು ಸಾಧ್ಯವಾಯಿತು.

ಇದರ ಮಿತಿಗಳನ್ನೂ ಹೇಳಿಬಿಡುತ್ತೇನೆ. ಪಟ್ಟಿ ಒಬ್ಬ ರೋಗಿಗೆ ಒಂದೇ ಸಲ, ಹಾಗಾಗಿ ಖರ್ಚು ಬೆಳೆಯುತ್ತದೆ. ತಲೆಯ ಆಪರೇಷನ್ನಿನಲ್ಲಿ ಹಣೆ ಸಿಗುವುದಿಲ್ಲ. ಮೈಯನ್ನು ಬೇಗಬೇಗ ತಂಪು ಮಾಡಿ ಬಿಸಿ ಮಾಡುವ ಹೃದಯದ ಆಪರೇಷನ್ನುಗಳಲ್ಲಿ ಅಂಕಿ ಹಿಂದೆ ಬೀಳಬಹುದು. ಉಸಿರಿನ ನಳಿಕೆ ಹಾಕಿದ ರೋಗಿಗೆ ಅನ್ನನಾಳದ ಸಾದಾ ಪ್ರೋಬ್ ಇದ್ದರೆ ಪಟ್ಟಿ ಕೊಳ್ಳುವ ಅಗತ್ಯವೇ ಇಲ್ಲ. ಪಟ್ಟಿಯ ನಿಜವಾದ ಗುಣ ಬೇರೆ: ವಾರ್ಡಿನಲ್ಲಿ ಎಚ್ಚರವಿದ್ದ ಅಜ್ಜಿಗೆ ಅಂಟಿಸಿದರೆ ಅದೇ ಪಟ್ಟಿ, ಅದೇ ಜಾಗ, ಅದೇ ಅಳತೆ ಮೇಜಿನ ಮೇಲೂ ಇರುತ್ತದೆ, ಎಚ್ಚರವಾಗುವಾಗಲೂ ಇರುತ್ತದೆ.

5. ಅಂಕಿ ಬಂದ ಮೇಲೆ

ಅಳೆದು ಸುಮ್ಮನೆ ಬರೆದಿಟ್ಟರೆ ಪುಣ್ಯ ಬರುವುದಿಲ್ಲ. ಅಂಕಿ ಕಂಡ ಕೂಡಲೆ ಏನು ಮಾಡಬೇಕೆಂಬುದು ಮೊದಲೇ ನಿಕ್ಕಿಯಾಗಿರಬೇಕು. ಬೆಂಗಳೂರಿನ ಬೆಂಪು ಸಂಸ್ಥೆ ಕಡಿಮೆ ತೂಕದ ಹಸುಗೂಸುಗಳ ಮಣಿಕಟ್ಟಿಗೆ ಕಟ್ಟುವ ಒಂದು ಪಟ್ಟಿ ಮಾಡಿದೆ. ಕೂಸು ಬೆಚ್ಚಗಿದ್ದರೆ ನೀಲಿ ಬೆಳಕು ಮಿನುಗುತ್ತದೆ. ತಣ್ಣಗಾದರೆ ಕಿತ್ತಳೆ ಬೆಳಕು ಬಂದು ಸದ್ದು ಮಾಡುತ್ತದೆ. ತಾಯಿ ಕೂಸನ್ನು ಎದೆಗೆ ಅವಚಿಕೊಳ್ಳುತ್ತಾಳೆ. ಅಲ್ಲಿ ಅಂಕಿಯೂ ಇಲ್ಲ, ಓದು ಬರೆಹದ ಗರಜೂ ಇಲ್ಲ. ಅಳತೆ ನೇರವಾಗಿ ಆರೈಕೆಯಾಗುತ್ತದೆ. ದೊಡ್ಡವರ ಆಪರೇಷನ್ನಿಗೂ ಇಷ್ಟು ಸರಳವಾದ ಕಟ್ಟಳೆ ಬೇಕು.

ನೈಸ್ ಮಾರ್ಗಸೂಚಿಯಲ್ಲಿ ಅಂಥ ಕಟ್ಟಳೆ ಇದೆ, ನಮ್ಮ ಸಣ್ಣ ಆಸ್ಪತ್ರೆಗಳೂ ಪಾಲಿಸಬಹುದಾದದ್ದು. ಥಿಯೇಟರಿಗೆ ಒಯ್ಯುವ ಮುಂಚಿನ ತಾಸಿನಲ್ಲಿ ಉಷ್ಣತೆ ನೋಡಬೇಕು. 36ಕ್ಕಿಂತ ಕಡಿಮೆ ಇದ್ದರೆ, ತುರ್ತು ಕೇಸಲ್ಲದಿದ್ದರೆ, ಬೆಚ್ಚಗೆ ಮಾಡಿಯೇ ಶುರು ಮಾಡಬೇಕು. ಆಪರೇಷನ್ ನಡೆದಾಗ ಅರ್ಧ ತಾಸಿಗೊಮ್ಮೆ ಬರೆಯಬೇಕು. ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಸಲೈನ್ ಹೋಗುವುದಿದ್ದರೆ 37 ಡಿಗ್ರಿಗೆ ಕಾಸಿ ಕೊಡಬೇಕು, ಏಕೆಂದರೆ ಕೋಣೆಯ ತಂಪಿನ ಒಂದು ಲೀಟರ್ ಸಲೈನ್ ಒಬ್ಬ ದೊಡ್ಡ ಮನುಷ್ಯನ ಮೈಕಾವನ್ನು ಕಾಲು ಡಿಗ್ರಿ ಇಳಿಸುತ್ತದೆ. ರಿಕವರಿಯಲ್ಲಿ 15 ನಿಮಿಷಕ್ಕೊಮ್ಮೆ ನೋಡಿ, 36 ಮುಟ್ಟುವ ತನಕ ವಾರ್ಡಿಗೆ ಕಳಿಸಬಾರದು. ಇದರಲ್ಲಿ ದುಡ್ಡಿನ ಮಾತು ಕಡಿಮೆ, ರೂಢಿಯ ಮಾತು ಹೆಚ್ಚು.

ದುಡ್ಡು ಬೇಕಾಗುವುದು ಬಿಸಿಗಾಳಿಯ ಹೊದಿಕೆಗೆ. ಒಂದು ಯಂತ್ರ ಬೆಚ್ಚನೆ ಗಾಳಿಯನ್ನು ತೆಳುವಾದ ಹೊದಿಕೆಯೊಳಗೆ ತುಂಬುತ್ತದೆ. ಅರಿವಳಿಕೆ ಕೊಡುವ ಮೊದಲೇ ಇಪ್ಪತ್ತು, ಮೂವತ್ತು ನಿಮಿಷ ಇದನ್ನು ಹೊದಿಸಿದರೆ ಕೈಕಾಲು ಕಾದು, ಮೊದಲ ತಾಸಿನ ಇಳಿತ ಬಹಳಷ್ಟು ತಪ್ಪುತ್ತದೆ. ಇದು ಇಲ್ಲದಲ್ಲಿ ಬಿಸಿನೀರಿನ ಬಾಟಲಿ, ಕಾಸಿದ ಸಲೈನ್ ಬಾಟಲಿ ಮೈಗೆ ಒತ್ತಿ ಇಡುವ ಹಳೆ ಚಾಳಿ ಒಂದಿದೆ. ದಯವಿಟ್ಟು ಅದು ಬೇಡ. ಎಚ್ಚರವಿಲ್ಲದವನಿಗೆ ಸುಡುತ್ತಿರುವುದು ತಿಳಿಯುವುದಿಲ್ಲ, ಚರ್ಮ ಬೊಬ್ಬೆಯೇಳುತ್ತದೆ. ಅದಕ್ಕಿಂತ ಒಂದಕ್ಕೆ ಎರಡು ಚಾದರ ಹೊದಿಸುವುದು ಮೇಲು.

ಆದ್ದರಿಂದ ನನ್ನ ಬಿನ್ನಹ ಮೂರು ಕಡೆಗೆ. ವೈದ್ಯ ಮಿತ್ರರಿಗೆ: ಮೊದಲು ಸಾದಾ ಪ್ರೋಬಿನಿಂದ ಆರಂಭಿಸಿರಿ. ಅದು ಆಗದ ರೋಗಿಗಳಿಗೆ ಹಣೆಯ ಪಟ್ಟಿ ತರಿಸಿರಿ. ಅರಿವಳಿಕೆಯ ಚಾರ್ಟಿನಲ್ಲಿ ಉಷ್ಣತೆಯ ಸಾಲು ಖಾಲಿ ಬಿಡಬೇಡಿರಿ. ರೋಗಿಯ ಮನೆಯವರಿಗೆ: 'ಆಪರೇಷನ್ ಅಂದಮ್ಯಾಲ ನಡಕ ಇದ್ದದ್ದ' ಅಂತ ಯಾರಾದರೂ ಅಂದರೆ ಒಪ್ಪಬೇಡಿರಿ. 'ಉಷ್ಣತೆ ಎಷ್ಟದ, ಬರದೀರೇನ್ರಿ' ಅಂತ ಮರ್ಯಾದೆಯಿಂದಲೇ ಕೇಳಿರಿ. ರಕ್ತದೊತ್ತಡ ಎಷ್ಟೆಂದು ಕೇಳಲು ಕಲಿತವರು ಇದನ್ನೂ ಕಲಿಯಬಲ್ಲಿರಿ. ಇನ್ನು ದಾನಿಗಳಿಗೆ: ನಮ್ಮ ಜಿಲ್ಲೆಯಲ್ಲಿ ದಾನಕ್ಕೆ ಕೊರತೆಯಿಲ್ಲ. ಆಸ್ಪತ್ರೆಗೆ ಕುಡಿಯುವ ನೀರಿನ ಕೂಲರ್ ಕೊಡುತ್ತೀರಿ, ವ್ಹೀಲ್ ಚೇರ್ ಕೊಡುತ್ತೀರಿ, ಹೆಸರಿನ ಕಲ್ಲು ಹಾಕಿಸುತ್ತೀರಿ. ಮುಂದಿನ ಸಲ ತಾಲೂಕಿನ ಆಸ್ಪತ್ರೆಯೊಂದಕ್ಕೆ ಬಿಸಿಗಾಳಿಯ ಯಂತ್ರವೊಂದನ್ನು ಕೊಡಿರಿ. ಜೊತೆಗೆ ಉಷ್ಣತೆಯ ಪ್ರೋಬನ್ನೂ ಕೊಡಿರಿ, ಏಕೆಂದರೆ ಅಳತೆ ಇಲ್ಲದ ಬಿಸಿ ಮತ್ತು ಬಿಸಿ ಇಲ್ಲದ ಅಳತೆ ಎರಡೂ ಅರ್ಧ ಕೆಲಸ.